ನಗರಗೆರೆಯ ಸೀಮೆಯೂ ಹೆಂಗಸರ ಊಟವೂ

ಬೆಂಗಳೂರಿನಿಂದ ಗುಂತಕಲ್ಲಿನ ಕಡೆಗೆ ಹೊರಡುವ ರೈಲುಬಂಡಿಯು ದೊಡ್ಡಬಳ್ಳಾಪುರವನ್ನು ಬಿಟ್ಟು, ಮಾಕಳಿದುರ್ಗದ ಬೆಟ್ಟಗಳ ಸಂದಿಯಲ್ಲಿ ನುಸುಳಿ, ತೊಂಡೇಭಾವಿಯನ್ನು ಕಳೆದರೆ ಗೌರಿಬಿದನೂರು ಸಿಕ್ಕುತ್ತದೆ. ಬಲಗಡೆಗೆ ನಂದಿಯ ಬೆಟ್ಟಗಳ ಸಾಲು ಬಹುದೂರದವರೆಗೂ ಪ್ರಯಾಣಿಕನ ಸಂಗಡ ಬರುವುದು. ಆ ಬೆಟ್ಟಗಳ ಸುತ್ತಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮಗ್ಗುಲಿನಲ್ಲಿ ಉತ್ತರಕ್ಕೆ ಹರಿದು, ಆಂಧ್ರದೇಶವನ್ನು ಹೊಕ್ಕು, ನೆಲ್ಲೂರಿನ ಸೀಮೆಯಲ್ಲಿ ಸಮುದ್ರವನ್ನು ಸೇರುತ್ತದೆ. ಹರಿದು ಎಂದೆವು, ವರ್ಷದ ಬಹುಭಾಗ ಇಲ್ಲಿ ಹರಿಯುವುದು ಮರಳಿನ ಮೇಲಣ ಬಿಸಿಲು ಮಾತ್ರವೇ.

ಗೌರಿಬಿದನೂರಿನಿಂದ ಬಸ್ಸು ಹಿಡಿದು ನಗರಗೆರೆಗೆ ಹೋಗಬೇಕು. ಇದು ಒಂದು ಹೋಬಳಿಯ ಮುಖ್ಯಗ್ರಾಮ. ಮೊದಲು ಕೋಲಾರದ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು ೨೦೦೭ರಿಂದ ಚಿಕ್ಕಬಳ್ಳಾಪುರದ ಜಿಲ್ಲೆಗೆ ಸೇರಿರುತ್ತದೆ. ಆಂಧ್ರಪ್ರದೇಶದ ಎಲ್ಲೆಯು ಇಲ್ಲಿಗೆ ದೂರವಿಲ್ಲ. ಎಲ್ಲೆಯ ಆಚೆಗೆ ಹಿಂದೂಪುರ. ಬೆಲ್ಲಕ್ಕೂ ಹುಣಿಸೆಹಣ್ಣಿಗೂ ಹೆಸರಾದ ಪೇಟೆ. ಆದುದರಿಂದ ಈ ಸೀಮೆಯ ಜನರಿಗೆ ಎರಡು ನಾಲಗೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಸಂತೆಯಲ್ಲಿ ಯಾವುದು ಬಾಯಿಗೆ ಬಂದರೆ ಅದು. ನೆಲವು ಕೆಂಪು, ಮಳೆಯು ಕಡಮೆ. ರಾಗಿ, ನೆಲಗಡಲೆ, ಮುಸುಕಿನ ಜೋಳ, ಅಂಚಿನಲ್ಲಿ ಅವರೆ, ತೊಗರಿ, ಹುರುಳಿ: ಇವೇ ಇಲ್ಲಿಯ ಸಂಪತ್ತು. ಊರಿನ ಹೆಸರಿನಲ್ಲಿಯೇ ಕೆರೆಯುಂಟು. ನೀರಿನ ಮಾತನ್ನು ಮಾತ್ರ ಆಯಾ ವರ್ಷದ ಮಳೆಯನ್ನು ಕೇಳಿಯೇ ಹೇಳಬೇಕು.

ನಮ್ಮ ಹಳೆಯ ಶಿಷ್ಯರೊಬ್ಬರು ಈ ಸೀಮೆಯಲ್ಲಿ ಬೇಸಾಯ ಮಾಡಿಕೊಂಡಿದ್ದಾರೆ. ಅವರ ಬಲವಂತದಿಂದ ನಾಲ್ಕು ದಿವಸ ಅವರ ಮನೆಯಲ್ಲಿ ತಂಗಿದ್ದೆವು. ಆ ಸಮಯಕ್ಕೆ ಸರಿಯಾಗಿ ನೆರೆಮನೆಯಲ್ಲಿ ಒಂದು ಒಸಗೆ. ಏಳನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಮೈನೆರೆದಿದ್ದಳು. ಅವಳನ್ನು ಹಸೆಯ ಮೇಲೆ ಕುಳ್ಳಿರಿಸಿ ಆರತಿಯೆತ್ತಿ, ಬಂದವರೆಲ್ಲರೂ ಅವಳ ಮಡಿಲಿಗೆ ತಿಂಡಿಗಳನ್ನು ಹಾಕುತ್ತಿದ್ದರು. ಅವುಗಳಲ್ಲಿ ಮುಖ್ಯವಾದುದು ಕರಿಯ ಉಂಡೆ. ಕನ್ನಡದವರು ಅದನ್ನು ಚಿಗಳಿ ಎನ್ನುತ್ತಾರೆ, ತೆಲುಗರು ಚಿಮ್ಮಿಲಿ ಎನ್ನುತ್ತಾರೆ. ಎಳ್ಳನ್ನು ಹದವಾಗಿ ಹುರಿದು, ಬೆಲ್ಲವನ್ನು ಕೂಡಿಸಿ, ಎಣ್ಣೆ ಬಿಡುವವರೆಗೂ ಒರಳಿನಲ್ಲಿ ಕುಟ್ಟಿ, ಕೈಯಲ್ಲಿ ಉಂಡೆ ಕಟ್ಟಿದರೆ ಚಿಗಳಿಯಾಯಿತು. ಇದರ ಸಂಗಡ ಕೊಬ್ಬರಿ, ತುಪ್ಪ, ಹಾಲು. ಆ ಮನೆಯ ಅಜ್ಜಿಯವರನ್ನು, “ಅಮ್ಮಾ, ಇದನ್ನೆಲ್ಲ ಹುಡುಗಿಗೆ ಎಷ್ಟು ದಿವಸ ಕೊಡುತ್ತೀರಿ?” ಎಂದು ಕೇಳಿದೆವು.

“ಒಸಗೆ ಮುಗಿಯೋವರೆಗೂ ಕೊಡ್ತೀವಿ ಮೇಷ್ಟ್ರೇ. ಆಮೇಲೆ ಯಾರು ಕೊಡ್ತಾರೆ? ಆಮೇಲೆ ಅವಳದ್ದೂ ನಮ್ಮ ಹಾಗೇ,” ಎಂದರು ಆಕೆ.

ಈ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ಮುಂದೆ ಹೇಳಲಿರುವುದೆಲ್ಲವೂ ಇದೊಂದು ಮಾತಿನ ವಿವರಣೆಯೇ ಎಂದು ವಾಚಕರು ಭಾವಿಸಬಹುದು.

ಅರುವತ್ತರ ಅಂಚಿನ ಗಂಡಸಾದ ನಾವು ಹೆಂಗಸರ ಮುಟ್ಟಿನ ವಿಷಯವನ್ನು ಬರೆಯುವುದು ಉಚಿತವೇ ಎಂದು ಕೆಲವರು ಕೇಳಿಯಾರು. ಉಚಿತವೆಂದೇ ನಮ್ಮ ಮತ. ಅದು ಹೇಗೆಂದರೆ, ಮನೆಗೆ ದವಸವನ್ನು ತರುವವನು ಗಂಡಸು, ಹಣದ ಚೀಲವನ್ನು ಹಿಡಿದವನು ಗಂಡಸು, ಮೊದಲ ಪಂಕ್ತಿಯಲ್ಲಿ ಉಣ್ಣುವವನೂ ಬಹುಮಟ್ಟಿಗೆ ಗಂಡಸೇ. ಮನೆಯ ಹೆಣ್ಣುಮಗಳು ತಿಂಗಳಿಗೊಮ್ಮೆ ಹೊಟ್ಟೆಯನ್ನು ಹಿಡಿದುಕೊಂಡು ಮೂಲೆಯಲ್ಲಿ ಮುದುಡಿಕೊಂಡರೆ ಅದರ ಕಾರಣವನ್ನು ತಿಳಿಯುವುದು ಗೃಹಸ್ಥನಿಗೆ ಸಂಬಂಧಪಡದ ಕಾರ್ಯವೆಂದು ಹೇಗೆ ಹೇಳೋಣ?

ನಮ್ಮ ಪ್ರಾಚೀನರು ಈ ವಿಷಯವನ್ನು ನಾಚಿಕೆಯಿಂದ ಮುಚ್ಚಿಡಲಿಲ್ಲ. ವಾಗ್ಭಟನು ಅಷ್ಟಾಂಗಹೃದಯದ ಶಾರೀರಸ್ಥಾನದಲ್ಲಿ ರಜಸ್ಸು ಹನ್ನೆರಡು ವರ್ಷದ ತರುವಾಯ ತೊಡಗಿ ಐವತ್ತರ ವೇಳೆಗೆ ನಿಲ್ಲುವುದೆಂದು ಹೇಳಿದ್ದಾನೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೩೦ನೆಯ ಅಧ್ಯಾಯವು ಎಣಿಸುವ ಇಪ್ಪತ್ತು ಸ್ತ್ರೀರೋಗಗಳಲ್ಲಿ ಉದಾವರ್ತಿನಿ ಎಂಬುದೊಂದು. ವಾಯುವು ಕೆಳಗೆ ಹೋಗದೆ ಮೇಲಕ್ಕೆ ತಿರುಗುವುದರಿಂದ ರಜಸ್ಸು ಕಷ್ಟದಿಂದ ಹೊರಡುವುದು, ಹೊರಟೊಡನೆ ಸುಖವಾಗುವುದು ಎಂದು ಅದರ ಲಕ್ಷಣ. ಇಂದಿನ ವೈದ್ಯರು ವಾಯುವಿನ ಹೆಸರನ್ನು ಹೇಳುವುದಿಲ್ಲ. ಗರ್ಭಕೋಶದ ಒಳಪೊರೆಯಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳು ಹುಟ್ಟಿ, ಗರ್ಭಕೋಶದ ಸ್ನಾಯುಗಳನ್ನು ಹಿಂಡಿ, ಅಲ್ಲಿಗೆ ರಕ್ತದ ಹರಿವನ್ನು ಕುಗ್ಗಿಸುವುದರಿಂದ ನೋವುಂಟಾಗುತ್ತದೆಂದೂ, ಇವು ಕರುಳನ್ನೂ ಕೆಣಕುವುದರಿಂದ ಕೆಲವರಿಗೆ ವಾಂತಿಭೇದಿಗಳಾಗುತ್ತವೆಂದೂ ಹೇಳುತ್ತಾರೆ. ಹೆಸರುಗಳು ಬೇರೆಯಾದರೂ ಕಂಡ ನೋವು ಒಂದೇ. ಅದು ನಟನೆಯಲ್ಲ, ಸೋಮಾರಿತನವಲ್ಲ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಆ ದಿನಗಳ ಆಹಾರವನ್ನು ಕುರಿತು ವಾಗ್ಭಟನು ವಿಧಿಸಿರುವುದು ಹಾಲಿನಲ್ಲಿ ಬೇಯಿಸಿದ ಜವೆಗೋದಿ; ಅದೂ ಸ್ವಲ್ಪವೇ, ಕೋಷ್ಠವು ಶುದ್ಧವಾಗಿ ದೇಹವು ಕೃಶವಾಗಲೆಂದು. ಶಾಸ್ತ್ರದಲ್ಲಿ ಗೌರವವಿಟ್ಟೇ ನಾವು ಒಂದು ಮಾತನ್ನು ಅರಿಕೆಮಾಡಬೇಕಾಗಿದೆ. ರಜಸ್ವಲೆಯ ಈ ನಿಯಮಗಳ ದೃಷ್ಟಿಯೆಲ್ಲವೂ ಮುಂದೆ ಹುಟ್ಟಲಿರುವ ಮಗುವಿನ ಮೇಲಿದೆ. ಹೆಂಗಸಿನ ನೋವಿನ ಮೇಲಿಲ್ಲ. ಸ್ವಲ್ಪ ತಿನ್ನು ಎಂಬ ವಿಧಿಯು ಹಾಲುತುಪ್ಪಗಳಿಂದ ತುಂಬಿದ ಮನೆಯ ಪುಷ್ಟಳಾದ ಹೆಂಗಸಿಗೆ ಒಪ್ಪೀತು. ಮೊದಲೇ ಕೃಶಳಾದವಳನ್ನು ಇನ್ನೂ ಕೃಶಳನ್ನಾಗಿ ಮಾಡುವುದು ಯಾವ ವೈದ್ಯ? ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವರ್ಷದೊಳಗಿನ ಹೆಂಗಸರಲ್ಲಿ ರಕ್ತಹೀನತೆಯುಳ್ಳವರು ಭಾರತದಲ್ಲಿ ಶೇಕಡ ೫೭, ನಮ್ಮ ಕರ್ನಾಟಕದಲ್ಲಿ ಶೇಕಡ ೪೭.೮. ಇಬ್ಬರಲ್ಲಿ ಹೆಚ್ಚುಕಡಮೆ ಒಬ್ಬಳು!

ಈ ಸೀಮೆಯಲ್ಲಿಯೂ, ನಾಡಿನ ಬೇರೆಡೆಗಳಲ್ಲಿಯೂ, ಒಸಗೆಯ ಉಂಡೆ ಮುಗಿದ ಮೇಲೆ ನಿಷೇಧಗಳ ಪಟ್ಟಿ ತೊಡಗುತ್ತದೆ. ಎಳ್ಳು ಉಷ್ಣ, ಬೆಲ್ಲ ಉಷ್ಣ, ಪರಂಗಿಹಣ್ಣು ಮಹಾ ಉಷ್ಣ, ಮೊಸರುಮಜ್ಜಿಗೆ ಶೀತ, ಹುಳಿ ತಿಂದರೆ ನೋವು ಹೆಚ್ಚು. ಒಂದೊಂದು ಮನೆಯಲ್ಲಿ ಒಂದೊಂದು ಪಟ್ಟಿ. ಎಲ್ಲ ಪಟ್ಟಿಗಳನ್ನೂ ಕೂಡಿಸಿದರೆ ಹುಡುಗಿಗೆ ಉಳಿಯುವುದು ತಿಳಿಸಾರು ಮತ್ತು ಅನ್ನ. ಮೊದಲ ತಿಂಗಳಲ್ಲಿ ಅಮೃತವಾಗಿದ್ದ ಎಳ್ಳು ಎರಡನೆಯ ತಿಂಗಳಲ್ಲಿ ವಿಷವಾಗುವುದಾದರೂ ಹೇಗೆ? ಊಟದ ಪ್ರಮಾಣದಲ್ಲಿ ತಿಂದ ಎಳ್ಳಾಗಲಿ ಹಣ್ಣಾದ ಪರಂಗಿಯಾಗಲಿ ರಕ್ತಸ್ರಾವವನ್ನು ಕೆಡಿಸುವುದೆಂಬುದಕ್ಕೆ ನೆಚ್ಚತಕ್ಕ ಪ್ರಮಾಣವಿಲ್ಲ. ತನಗೆ ಯಾವ ಪದಾರ್ಥ ಒಗ್ಗುವುದಿಲ್ಲವೋ ಅದನ್ನು ಆ ಹೆಂಗಸೇ ಬಿಡಲಿ. ಮಿಕ್ಕವರು ಅವಳ ತಟ್ಟೆಯಿಂದ ತೆಗೆಯುವುದು ಬೇಡ.

ಇಲ್ಲಿ ನಾವು ಮೇಷ್ಟರ ಅಭ್ಯಾಸಬಲದಿಂದ ಒಂದು ಲೆಕ್ಕವನ್ನು ಮಾಡುವೆವು. ಒಂದು ಮುಟ್ಟಿನಲ್ಲಿ ಸಾಧಾರಣವಾಗಿ ಹೋಗುವ ರಕ್ತವು ೩೦ರಿಂದ ೪೦ ಮಿಲಿಲೀಟರು. ಒಂದು ಮಿಲಿಲೀಟರು ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ೩೫ ಮಿಲಿಲೀಟರೆಂದು ಹಿಡಿದರೆ ತಿಂಗಳಿಗೆ ಹದಿನೇಳೂವರೆ ಮಿಲಿಗ್ರಾಂ ಕಬ್ಬಿಣ ಹೋಯಿತು. ಧಾನ್ಯ, ಸೊಪ್ಪುಗಳ ನಮ್ಮ ಊಟದಲ್ಲಿರುವ ಕಬ್ಬಿಣದಲ್ಲಿ ಮೈಗೆ ಹತ್ತುವುದು ನೂರಕ್ಕೆ ಎಂಟರಷ್ಟು ಮಾತ್ರ. ಆದುದರಿಂದ ಹೋದುದನ್ನು ತುಂಬಿಕೊಳ್ಳುವುದಕ್ಕೆ ಆಕೆ ತಿಂಗಳಲ್ಲಿ ಸುಮಾರು ೨೨೦ ಮಿಲಿಗ್ರಾಂ, ಎಂದರೆ ದಿನಕ್ಕೆ ಏಳಕ್ಕಿಂತ ಹೆಚ್ಚು ಮಿಲಿಗ್ರಾಂ ಕಬ್ಬಿಣವನ್ನು ಉಳಿದವರಿಗಿಂತ ಅಧಿಕವಾಗಿ ಉಣ್ಣಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯವರು ೨೦೨೦ರಲ್ಲಿ ಗೊತ್ತುಮಾಡಿದ ಪ್ರಮಾಣವೂ ಇದೇ ದಾರಿಯದು: ದಿನಕ್ಕೆ ಗಂಡಸಿಗೆ ೧೯ ಮಿಲಿಗ್ರಾಂ, ಹೆಂಗಸಿಗೆ ೨೯. ಶಾಸ್ತ್ರ ಹೇಳುವುದು ಹೀಗೆ. ಮನೆಯಲ್ಲಿ ನಡೆಯುವುದು ಹೇಗೆ? ಗಂಡಸರಿಗೂ ಮಕ್ಕಳಿಗೂ ಬಡಿಸಿದ ಮೇಲೆ, ಗಟ್ಟಿಯಾದ ಕಾಳೂ ಸೊಪ್ಪೂ ಅವರ ತಟ್ಟೆಗೆ ಹೋದ ಮೇಲೆ, ಪಾತ್ರೆಯ ತಳದ ತಿಳಿಯು ಹೆಂಗಸಿಗೆ. ಹೆಚ್ಚು ಬೇಕಾದವಳಿಗೆ ಕಡಮೆ. ಇದಕ್ಕೆ ಉಷ್ಣವೂ ಕಾರಣವಲ್ಲ, ಶೀತವೂ ಕಾರಣವಲ್ಲ; ಪಂಕ್ತಿಯ ಕ್ರಮವೇ ಕಾರಣ.

ರಕ್ತವು ಕುಂದಿದ ಶರೀರಕ್ಕೆ ಮುಟ್ಟಿನ ದಿನಗಳು ಇಮ್ಮಡಿ ಭಾರ. ಹೊಟ್ಟೆಯ ನೋವು ಒಂದು ಕಡೆ. ತಲೆಸುತ್ತು, ಏದುಸಿರು, ಕಾಲುಸೆಳೆತ ಇನ್ನೊಂದು ಕಡೆ. ಪಾಠಶಾಲೆಯಲ್ಲಿ ಚುರುಕಾಗಿದ್ದ ಹುಡುಗಿಯು ತಿಂಗಳಿಗೆ ಎರಡು ಮೂರು ದಿವಸ ಬರದೆ, ಲೆಕ್ಕದ ಪಾಠ ತಪ್ಪಿ, ಹಿಂದೆ ಬಿದ್ದು, ಕಡೆಗೆ ಬಿಡುವುದನ್ನು ಉಪಾಧ್ಯಾಯರಾದವರೆಲ್ಲರೂ ಕಂಡಿದ್ದೇವೆ. ಹಾಜರಿ ಪುಸ್ತಕದಲ್ಲಿ ಅದಕ್ಕೆ ಕಾರಣವನ್ನು ಬರೆಯುವ ಅಂಕಣವಿಲ್ಲ.

ಹಾಗಾದರೆ ಈ ಬರಡು ಸೀಮೆಯಲ್ಲಿ ಒಳ್ಳೆಯ ಊಟವು ದುರ್ಲಭವೇ? ಇಲ್ಲ, ಇದೇ ಆಶ್ಚರ್ಯ. ನಮ್ಮ ಶಿಷ್ಯರ ಮನೆಯಲ್ಲಿ ನಾಲ್ಕು ದಿವಸವೂ ರಾಗಿಯ ಮುದ್ದೆ. ಒಂದು ದಿವಸ ಹುರುಳಿಕಾಳಿನ ಸಾರು, ಒಂದು ದಿವಸ ಬಸ್ಸಾರು, ಒಂದು ದಿವಸ ಬೆರಕೆ ಸೊಪ್ಪಿನ ಮಸ್ಸೊಪ್ಪು. ಬೆರಕೆ ಸೊಪ್ಪನ್ನು ಯಾರೂ ಬಿತ್ತುವುದಿಲ್ಲ. ಅಣ್ಣೆ, ಹೊನಗನೆ, ಗಣಿಕೆ ಮೊದಲಾದುವು ಮಳೆ ಬಿದ್ದರೆ ಹೊಲದ ಬದುವಿನಲ್ಲಿ ತಾವಾಗಿ ಹುಟ್ಟುತ್ತವೆ. ಹೆಂಗಸರು ಕಳೆ ಕೀಳುವಾಗ ಮಡಿಲು ತುಂಬ ಕುಯ್ದು ತರುತ್ತಾರೆ. ನುಗ್ಗೆಯ ಮರವು ಹಿತ್ತಿಲಿನಲ್ಲಿಯೇ ಇರುವುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೬೦ ಮಿಲಿಗ್ರಾಂ ಕ್ಯಾಲ್ಸಿಯಂ, ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣ. ತೊಳಪು ಮಾಡಿದ ಅಕ್ಕಿಯಲ್ಲಿ ಅವು ಹತ್ತಕ್ಕೂ ಒಂದಕ್ಕೂ ಕಡಮೆ. ಎಳ್ಳಿನಲ್ಲಿ ಕ್ಯಾಲ್ಸಿಯಂ ಸಾವಿರ ಮಿಲಿಗ್ರಾಂ ಮೀರುತ್ತದೆ. ಮೇಲೆ ಹೇಳಿದ ಏಳು ಮಿಲಿಗ್ರಾಂ ಕಬ್ಬಿಣವು ನೂರೈವತ್ತು ಗ್ರಾಂ ರಾಗಿಹಿಟ್ಟಿನಲ್ಲಿದೆ. ಲೆಕ್ಕಕ್ಕೆ ಒಂದು ದೊಡ್ಡ ಮುದ್ದೆ! ಆದರೆ ರಾಗಿಯ ಕಬ್ಬಿಣವು ಸುಲಭವಾಗಿ ಮೈಗೆ ಹತ್ತುವುದಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟುಮಾಡಿದರೆ ಅದು ಹೆಚ್ಚಾಗಿ ಹತ್ತುತ್ತದೆ. ಊಟದ ಜೊತೆಗೆ ನಿಂಬೆಯ ರಸವಾಗಲಿ ನೆಲ್ಲಿಕಾಯಿಯಾಗಲಿ ಸೀಬೆಹಣ್ಣಾಗಲಿ ಇದ್ದರೆ ಇನ್ನೂ ಹೆಚ್ಚಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕುಡಿದ ಚಹವು ಅದನ್ನು ತಡೆಯುತ್ತದೆ. ಚಹವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಅದು ಊಟದಿಂದ ಒಂದು ಗಂಟೆ ದೂರವಿರಲಿ. ಬೆಲ್ಲದಲ್ಲಿ ಕಬ್ಬಿಣವುಂಟೆಂಬ ಪ್ರತೀತಿಯನ್ನು ಅತಿಯಾಗಿ ನೆಚ್ಚಬಾರದು; ಅದರ ಪ್ರಮಾಣವು ಬೆಲ್ಲದಿಂದ ಬೆಲ್ಲಕ್ಕೆ ವ್ಯತ್ಯಾಸವಾಗುತ್ತದೆ. ಮಾಂಸ, ಮೀನು, ಮೊಟ್ಟೆಗಳನ್ನು ತಿನ್ನುವ ಮನೆಗಳಲ್ಲಿ ಅವುಗಳ ಪಾಲು ಹೆಣ್ಣುಮಕ್ಕಳಿಗೂ ಸರಿಯಾಗಿ ಸಲ್ಲಲಿ. ಮಾಂಸದ ಮತ್ತು ಮೀನಿನ ಕಬ್ಬಿಣವು ಬೇಗನೆ ಮೈಗೆ ಹತ್ತತಕ್ಕದ್ದು.

ಇನ್ನು ನೋವಿನ ಮಾತು. ಯಾವ ಆಹಾರವೂ ಮಂತ್ರದಂತೆ ನೋವನ್ನು ಓಡಿಸಲಾರದು. ಆದರೂ ನಮ್ಮ ಅಜ್ಜಿಯರ ಶುಂಠಿಕಷಾಯಕ್ಕೆ ಈಚಿನ ಪರೀಕ್ಷೆಗಳಿಂದ ಸ್ವಲ್ಪ ಮರ್ಯಾದೆ ದೊರೆತಿದೆ. ಮುಟ್ಟಿನ ಮೊದಲ ಮೂರು ನಾಲ್ಕು ದಿನಗಳಲ್ಲಿ ದಿನಕ್ಕೆ ಮುಕ್ಕಾಲು ಗ್ರಾಂನಿಂದ ಎರಡು ಗ್ರಾಂವರೆಗೆ ಒಣಶುಂಠಿಯ ಪುಡಿಯನ್ನು ಕೊಟ್ಟು ನೋಡಿದ ಹಲವು ಪರೀಕ್ಷೆಗಳಲ್ಲಿ ನೋವು ತಗ್ಗಿತೆಂದು ಕಂಡುಬಂದಿದೆ. ಆದರೆ ಇಂತಹ ಪರೀಕ್ಷೆಗಳು ಚಿಕ್ಕವು, ಅವುಗಳ ಆಧಾರ ಇನ್ನೂ ದುರ್ಬಲ ಎಂದು ೨೦೧೬ರಲ್ಲಿ ಅವೆಲ್ಲವನ್ನೂ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ ಪಂಡಿತರು ಎಚ್ಚರಿಸಿದ್ದಾರೆ. ಮುಟ್ಟಿಗೆ ಮೊದಲು ಬರುವ ಮೈಬಾವು, ಸಿಡುಕು, ಕಳವಳಗಳನ್ನು ಕುರಿತು ಅಮೆರಿಕದಲ್ಲಿ ೧೯೯೮ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯುಂಟು. ದಿನಕ್ಕೆ ೧೨೦೦ ಮಿಲಿಗ್ರಾಂ ಕ್ಯಾಲ್ಸಿಯಂ ತೆಗೆದುಕೊಂಡವರಲ್ಲಿ ಮೂರನೆಯ ತಿಂಗಳಿಗೆ ಲಕ್ಷಣಗಳು ಶೇಕಡ ೪೮ರಷ್ಟು ತಗ್ಗಿದುವು. ಬರಿಯ ಸುಳ್ಳುಮಾತ್ರೆಯನ್ನು ನುಂಗಿದವರಲ್ಲಿ ಶೇಕಡ ೩೦. ಅವರು ಕೊಟ್ಟುದು ಮಾತ್ರೆಯನ್ನೇ ಹೊರತು ರಾಗಿಯನ್ನಲ್ಲ. ಆದರೂ ಮುದ್ದೆ, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪುಗಳ ಮನೆಯು ಕ್ಯಾಲ್ಸಿಯಮ್ಮಿಗೆ ಬಡವಾದ ಮನೆಯಲ್ಲ ಎಂಬುದನ್ನು ನೆನೆಯಬಹುದು. ಜಪಾನಿನಲ್ಲಿ ಕಾಲೇಜಿನ ಹುಡುಗಿಯರನ್ನು ವಿಚಾರಿಸಿದಾಗ ಬೆಳಗಿನ ಆಹಾರವನ್ನು ಬಿಡುವವರಲ್ಲಿ ನೋವು ಹೆಚ್ಚಾಗಿ ಕಂಡಿತು. ಅದೇ ಕಾರಣವೆಂದು ಸಿದ್ಧವಾಗಿಲ್ಲ. ಆದರೆ ಬೆಳಗಿನ ಬಸ್ಸನ್ನು ಹಿಡಿಯುವ ಅವಸರದಲ್ಲಿ ಬರಿಹೊಟ್ಟೆಯಿಂದ ಹೊರಡುವ ನಮ್ಮ ಹುಡುಗಿಯರಿಗೆ ಒಂದು ಲೋಟ ಅಂಬಲಿಯನ್ನು ಕುಡಿಸುವುದರಿಂದ ನಷ್ಟವಾದರೂ ಏನು? ಇವೆಲ್ಲಕ್ಕಿಂತ ಸುಲಭವಾದುದು ಕಿಬ್ಬೊಟ್ಟೆಗೆ ಬಿಸಿನೀರಿನ ಶಾಖ. ಅದಕ್ಕೆ ದವಸವೂ ಬೇಡ, ದುಡ್ಡೂ ಬೇಡ.

ಇನ್ನೊಂದು ಸಂಗತಿಯನ್ನು ಶಿಷ್ಯರ ಮಡದಿಯವರು ಸಂಕೋಚದಿಂದ ತಿಳಿಸಿದರು. ಶೌಚಕ್ಕೆ ಹೋಗಬೇಕಾದೀತೆಂಬ ಭಯದಿಂದ ಆ ದಿನಗಳಲ್ಲಿ ಹುಡುಗಿಯರು ಶಾಲೆಯಲ್ಲಿ ನೀರನ್ನೇ ಕುಡಿಯುವುದಿಲ್ಲವಂತೆ. ಬಾಯಾರಿಕೆ, ತಲೆನೋವು, ಮಲಬದ್ಧತೆಗಳು ಇದರಿಂದಲೇ ಕೂಡಿಕೊಳ್ಳುತ್ತವೆ. ಶಾಲೆಗೆ ಗೋಡೆ ಕಟ್ಟಿಸುವವರೂ ಗಂಟೆ ದಾನಮಾಡುವವರೂ ಬಾಗಿಲೂ ನೀರೂ ಉಳ್ಳ ಒಂದು ಶೌಚಗೃಹವನ್ನು ಮೊದಲು ನೆನೆದರೆ ಅದೂ ಅನ್ನದಾನಕ್ಕೆ ಕಡಮೆಯಾದ ಪುಣ್ಯವಲ್ಲ.

ಹಿಂದಿರುಗುವಾಗ ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥಕ್ಕೆ ಹೋಗಿದ್ದೆವು. ೧೯೩೮ನೆಯ ಇಸವಿ ಏಪ್ರಿಲ್ ೨೫ರಂದು ಧ್ವಜ ಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಗುಂಡು ಹಾರಿದ ಸ್ಥಳವಿದು. ಹುತಾತ್ಮರ ಸ್ಮಾರಕವನ್ನು ಕಂಡು ತಲೆಬಾಗಿದೆವು. ಅಲ್ಲಿ ಸಾಲುಸಾಲಾಗಿ ನಾಗರಕಲ್ಲುಗಳು. ಸಂತಾನವಾಗಲೆಂದು ಹರಕೆ ಹೊತ್ತವರು ತಲೆತಲಾಂತರದಿಂದ ನಿಲ್ಲಿಸಿದವು. ಅವುಗಳ ನಡುವೆ ನಿಂತಾಗ ನಮಗೆ ಅಜ್ಜಿಯವರ ಮಾತೇ ಕಿವಿಯಲ್ಲಿತ್ತು. ಮೊಮ್ಮಕ್ಕಳಿಗಾಗಿ ಕಲ್ಲನ್ನು ಕಡೆಯಿಸಿ ತರುವ ನಾವು, ಆ ಮೊಮ್ಮಕ್ಕಳನ್ನು ಮುಂದೆ ಹೊರಬೇಕಾದ ಹುಡುಗಿಯ ತಟ್ಟೆಯಲ್ಲಿ ಇಂದು ಏನಿದೆಯೆಂದು ಬಗ್ಗಿ ನೋಡುವುದುಂಟೆ?

ಸರ್ಕಾರವು ತನ್ನ ಪಾಲಿನದನ್ನು ಸ್ವಲ್ಪಮಟ್ಟಿಗೆ ಮಾಡುತ್ತಿದೆ. ೨೦೧೩ರಿಂದ ಶಾಲೆಯ ಮಕ್ಕಳಿಗೆ ಹಾಲು, ೨೦೨೪ರಿಂದ ಅದರೊಡನೆ ರಾಗಿಯ ಮಾಲ್ಟು ದೊರೆಯುತ್ತಿವೆ. ಹದಿಹರೆಯದವರಿಗೆ ವಾರಕ್ಕೊಮ್ಮೆ ೬೦ ಮಿಲಿಗ್ರಾಂ ಕಬ್ಬಿಣವುಳ್ಳ ನೀಲಿಯ ಮಾತ್ರೆಯನ್ನು ಕೊಡುವ ಏರ್ಪಾಡೂ ಉಂಟು. ಅದನ್ನು ನುಂಗಿದರೆ ಹೊಟ್ಟೆ ತೊಳಸುತ್ತದೆಂದು ಹಲವು ಹುಡುಗಿಯರು ಕಿಟಕಿಯಿಂದಾಚೆ ಎಸೆಯುತ್ತಾರೆ. ಬರಿಹೊಟ್ಟೆಯಲ್ಲಿ ನುಂಗದೆ ಊಟದ ತರುವಾಯ ನುಂಗಿದರೆ ಆ ತೊಂದರೆ ಬಹಳ ತಗ್ಗುತ್ತದೆ. ತಾಯಂದಿರು ಇದನ್ನು ತಿಳಿಸಿ ಹೇಳಬೇಕು.

ಊಟಕ್ಕೆ ಬಗ್ಗದ ನೋವೂ ಉಂಟೆಂಬುದನ್ನು ಮರೆಯಬಾರದು. ಸ್ರಾವವು ಏಳು ದಿವಸ ಮೀರಿದರೆ, ಗಂಟೆಗೊಂದು ಬಟ್ಟೆ ನೆನೆಯುವಂತಾದರೆ, ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಮುಟ್ಟು ನಿಂತ ಮೇಲೂ ಉಳಿದರೆ, ಹದಿನೈದು ತುಂಬಿದರೂ ಹುಡುಗಿ ಮೈನೆರೆಯದಿದ್ದರೆ ಕಷಾಯವನ್ನು ಕುದಿಸುತ್ತ ಕುಳಿತುಕೊಳ್ಳದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಯಾರೂ ಆಡಬಾರದು, ಅದು ವೈದ್ಯವಲ್ಲ.

ಗೃಹಸ್ಥರಲ್ಲಿ ನಮ್ಮ ಬಿನ್ನಹವು ಇಷ್ಟೆ. ಮೂರು ದಿನಗಳ ಸುಖವು ಉಳಿದ ಇಪ್ಪತ್ತೇಳು ದಿನಗಳ ತಟ್ಟೆಯಲ್ಲಿ ಸಿದ್ಧವಾಗುತ್ತದೆ. ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಪದ್ಧತಿಯನ್ನು ಇಟ್ಟುಕೊಳ್ಳಿರಿ; ಅದು ಆಗದಿದ್ದರೆ ಬಡಿಸುವವಳ ಪಾಲಿನ ಕಾಳನ್ನೂ ಸೊಪ್ಪನ್ನೂ ಮೊದಲೇ ತೆಗೆದಿಡಿರಿ. ಸಂತೆಯಿಂದ ಬರುವಾಗ ಅರ್ಧ ಸೇರು ಎಳ್ಳನ್ನೂ ಒಂದು ಅಚ್ಚು ಬೆಲ್ಲವನ್ನೂ ಪ್ರತಿ ತಿಂಗಳೂ ತನ್ನಿರಿ. ಒಸಗೆಯ ದಿನ ಊರೆಲ್ಲ ಕೂಡಿ ಒಂದು ಸಾರಿ ಕೊಡುವ ಚಿಗಳಿಯನ್ನು ಮನೆಯ ಹೆಣ್ಣುಮಗಳು ತಿಂಗಳು ತಿಂಗಳೂ ಯಾರನ್ನೂ ಕೇಳದೆ ಡಬ್ಬಿಯಿಂದ ತೆಗೆದು ತಿನ್ನುವಂತಾಗಲಿ.